ಬಿಳಿಗುಡ್ಡದ ಅರ್ಧ ಮೀಟರಿನ ಮರಿ

ಗುಜರಾತಿನ ಡೈನೋಸಾರ್ ಯಾವುದು ಎಂದು ಇಲ್ಲಿಯ ಶಾಲೆಯ ಮಕ್ಕಳನ್ನು ಕೇಳಿ ನೋಡಿ, ರಾಜಾಸಾರಸ್ ಎಂದು ತಟ್ಟನೆ ಹೇಳುತ್ತಾರೆ. ಹಣೆಯ ಮೇಲೊಂದು ಮೋಟು ಕೊಂಬು, ಬಾಯಿ ತುಂಬ ಹಲ್ಲು, ಹೆಸರಿನಲ್ಲೇ ರಾಜ. 2003ರಲ್ಲಿ ಅದಕ್ಕೆ ನಾಮಕರಣವಾದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಅದೇ ಸೀಮೆಯ ಮಣ್ಣಿನಲ್ಲಿ ಸಿಕ್ಕ ಇನ್ನೊಂದು ಡೈನೋಸಾರ್ ಬಗ್ಗೆ ಇಲ್ಲಿ ಕೇಳಿದವರು ಕಡಿಮೆ. ಉದ್ದ ಅರ್ಧ ಮೀಟರ್. ಸೊಪ್ಪುಸದೆ ತಿನ್ನುವ ವಂಶ. ಆಗಷ್ಟೇ ಮೊಟ್ಟೆಯಿಂದ ಹೊರಬಂದಿದ್ದ ಮರಿ. ಅದಕ್ಕೆ ಪ್ರತ್ಯೇಕ ಹೆಸರೂ ಇಲ್ಲ. ಆದರೆ ಡೈನೋಸಾರ್‌ಗಳು ಹೇಗೆ ಬದುಕಿದವು ಎಂಬುದರ ಬಗ್ಗೆ ಆ ರಾಜನಿಗಿಂತ ಹೆಚ್ಚು ಹೇಳಿದ್ದು ಈ ಮರಿಯೇ ಎಂದು ನನ್ನ ಅನಿಸಿಕೆ.

ನಾನಿರುವುದು ಸೂರತ್ತಿನ ವರಾಛಾದಲ್ಲಿ. ಹಗಲಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ. ಸುತ್ತಮುತ್ತಲಿನವರದೆಲ್ಲ ವಜ್ರದ ಕೆಲಸ. ಮಗಳಿಗೆ ಡೈನೋಸಾರ್ ಹುಚ್ಚು ಹಿಡಿದ ವರ್ಷ, ಬಾಲಾಸಿನೋರ್ ಹತ್ತಿರದ ರೈಯೋಲಿಯ ಡೈನೋಸಾರ್ ಉದ್ಯಾನಕ್ಕೆ ಹೋಗಿ ಬಂದೆವು. ಅಲ್ಲಿಂದ ಬಂದ ಮೇಲೆ ಅವಳ ಹುಚ್ಚು ಇಳಿಯಿತು, ನನಗೆ ಹತ್ತಿತು. ಓದುತ್ತ ಹೋದಾಗ ಸಿಕ್ಕಿದ್ದೇ ಈ ಮರಿಯ ಕತೆ.

ಸಿಮೆಂಟಿನ ಸುಣ್ಣಕಲ್ಲಿನಲ್ಲಿ ಮೊಟ್ಟೆಗಳು

ಮಧ್ಯ ಗುಜರಾತಿನಿಂದ ಜಬಲ್ಪುರದವರೆಗೆ ನರ್ಮದೆಯ ಆಸುಪಾಸಿನಲ್ಲಿ ಒಂದು ತೆಳುವಾದ ಕಲ್ಲಿನ ಪದರ ಅಲ್ಲಲ್ಲಿ ತಲೆಯೆತ್ತುತ್ತದೆ. ಜಬಲ್ಪುರದ ಲಮೇಟಾ ಘಾಟಿನಿಂದಾಗಿ ಅದಕ್ಕೆ ಲಮೇಟಾ ಎಂದು ಹೆಸರು. ಮರಳು, ಜೇಡಿ, ಸುಣ್ಣ ಸೇರಿ ಗಟ್ಟಿಯಾದ ಕಲ್ಲು. ಏಷ್ಯಾದಲ್ಲಿ ಮೊದಲು ದಾಖಲಾದ ಡೈನೋಸಾರ್ ಮೂಳೆಗಳು ಸಿಕ್ಕಿದ್ದು ಇದರಲ್ಲೇ. 1828ರಲ್ಲಿ, ಜಬಲ್ಪುರದಲ್ಲಿ, ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ. ಆ ಮೂಳೆಗಳಿಗೆ 1877ರಲ್ಲಿ ಲೈಡೆಕ್ಕರ್ 'ಟೈಟನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟರು. ಉದ್ದ ಕತ್ತು, ಉದ್ದ ಬಾಲ, ಕಂಬದಂಥ ಕಾಲುಗಳ ಭಾರಿ ಸಸ್ಯಾಹಾರಿಗಳ ಒಂದು ದೊಡ್ಡ ಗುಂಪನ್ನು ಜಗತ್ತೆಲ್ಲ ಇವತ್ತು 'ಟೈಟನೋಸಾರ್' ಎನ್ನುವುದು ನಮ್ಮ ಈ ಮೂಳೆಗಳಿಂದಾಗಿ.

1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ, ಅಂದರೆ ಜಿಎಸ್‌ಐನ ವಿಜ್ಞಾನಿಗಳು ಆಗಿನ ಖೇಡಾ ಜಿಲ್ಲೆಯ ಬಾಲಾಸಿನೋರ್ ಸುತ್ತ ಸುಣ್ಣಕಲ್ಲಿನ ಸಮೀಕ್ಷೆ ನಡೆಸುತ್ತಿದ್ದರು. ಸಿಮೆಂಟಿಗೆಂದು ಅಗೆಯುವ ಕಲ್ಲು ಅದು. ಅದರೊಳಗೆ ಗುಂಡಗಿನ ಆಕಾರಗಳು ಕಂಡವು. ನೋಡಿದರೆ ಮೊಟ್ಟೆಗಳು. ಆಮೇಲೆ ಈ ಸೀಮೆಯಲ್ಲಿ ಎಷ್ಟು ಗೂಡುಗಳು ಸಿಕ್ಕವೆಂದರೆ ಜಗತ್ತಿನ ದೊಡ್ಡ ಡೈನೋಸಾರ್ ಹೆರಿಗೆಮನೆಗಳಲ್ಲಿ ಇದೂ ಒಂದಾಯಿತು.

1984ರಲ್ಲಿ ಜಿಎಸ್‌ಐನ ಧನಂಜಯ ಮೋಹಬೆ ಅವರಿಗೆ ಧೋಳಿ ಡುಂಗ್ರಿ ಎಂಬಲ್ಲಿ ಒಂದು ಕಲ್ಲಿನ ತುಂಡು ಸಿಕ್ಕಿತು. ಗುಜರಾತಿಯಲ್ಲಿ ಧೋಳಿ ಎಂದರೆ ಬಿಳಿ, ಡುಂಗ್ರಿ ಎಂದರೆ ಗುಡ್ಡ. ನಮ್ಮ ಮಾತಿನಲ್ಲಿ ಬಿಳಿಗುಡ್ಡ. ಆ ಕಲ್ಲಿನಲ್ಲಿ ಮೊಟ್ಟೆಗಳಿದ್ದವು, ಪಕ್ಕದಲ್ಲೇ ಸಣ್ಣ ಸಣ್ಣ ಮೂಳೆಗಳಿದ್ದವು. ಮೊಟ್ಟೆಯೊಡೆದ ಡೈನೋಸಾರ್ ಮರಿ ಸಿಗುವುದೇ ಅಪರೂಪ. ಮೋಹಬೆ 1987ರಲ್ಲಿ ಅದನ್ನು ಪ್ರಕಟಿಸಿದರು. ಕಲ್ಲು ಜಿಎಸ್‌ಐ ಸಂಗ್ರಹ ಸೇರಿತು.

ಮರಿಯ ಪಕ್ಕದಲ್ಲಿ ಇನ್ನೊಬ್ಬ

ವರಾಛಾದ ಮಿನಿ ಬಜಾರಿಗೆ ಬಂದವರಿಗೆ ಒಂದು ನೋಟ ಪರಿಚಿತ. ರಸ್ತೆಬದಿಯಲ್ಲೇ ಜನ ಕಾಗದದ ಪೊಟ್ಟಣ ಬಿಚ್ಚಿ, ಕಣ್ಣಿಗೆ ಪುಟ್ಟ ಮಸೂರ ಒತ್ತಿಕೊಂಡು ವಜ್ರ ನೋಡುತ್ತಿರುತ್ತಾರೆ. ಒಂದೇ ಕಲ್ಲನ್ನು ಹತ್ತು ಜನ ನೋಡಿರುತ್ತಾರೆ, ಹನ್ನೊಂದನೆಯವನು ಅದರೊಳಗಿನ ಗೆರೆ ತೋರಿಸುತ್ತಾನೆ. ಉಳಿದವರು ದಡ್ಡರೆಂದಲ್ಲ, ಆ ಬಗೆಯ ಗೆರೆಯನ್ನು ಅವನು ಮೊದಲೇ ಬಹಳ ಕಡೆ ನೋಡಿರುತ್ತಾನೆ.

ಬಿಳಿಗುಡ್ಡದ ಕಲ್ಲಿಗೂ ಹಾಗೇ ಆಯಿತು. 2001ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಅದನ್ನು ನೋಡಿದರು. ಮೊಟ್ಟೆ ಸರಿ, ಮರಿಯ ಮೂಳೆಯೂ ಸರಿ. ಆದರೆ ಸಾಲಾಗಿದ್ದ ಕೆಲವು ಬೆನ್ನುಮೂಳೆಗಳ ಕೀಲು ಬೇರೆ ರೀತಿ ಇತ್ತು. ಹಾವಿನ ಬೆನ್ನುಮೂಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳಲು ಹೆಚ್ಚುವರಿ ಗೂಟ, ಗೂಡು ಇರುತ್ತವೆ. ಉದ್ದನೆಯ ಮೈ ತಿರುಚಿದರೂ ಕೀಲು ತಪ್ಪದಿರಲಿ ಎಂದು. ಅದೇ ಕೀಲು ಇಲ್ಲಿತ್ತು. ಹದಿನೇಳು ವರ್ಷ ಮರಿಯದೇ ಎಂದುಕೊಂಡಿದ್ದ ಮೂಳೆಗಳಲ್ಲಿ ಹಲವು ಹಾವಿನವು!

ಮುಂದೆ ಜಿಎಸ್‌ಐ ಒಪ್ಪಿಗೆಯಿಂದ ಕಲ್ಲನ್ನು ಮಿಷಿಗನ್‌ನಲ್ಲಿ ನಾಜೂಕಾಗಿ ಬಿಡಿಸಿದರು. ಕಂಡದ್ದು ಹೀಗಿತ್ತು: ಒಡೆದು ಚಪ್ಪಟೆಯಾದ ಒಂದು ಮೊಟ್ಟೆ, ಅದನ್ನು ಸುತ್ತಿಕೊಂಡು ಕೂತ ಹಾವು, ಆ ಸುರುಳಿಯ ಮೇಲೆ ಹಾವಿನ ತಲೆ, ಪಕ್ಕದಲ್ಲೇ ಮರಿಯ ಭುಜ, ಮುಂಗಾಲು, ಪಕ್ಕೆಲುಬುಗಳು. ಹತ್ತಿರದಲ್ಲಿ ಇನ್ನೂ ಎರಡು ಮೊಟ್ಟೆ. ವಿಲ್ಸನ್, ಮೋಹಬೆ ಮತ್ತು ಸಂಗಡಿಗರು 2010ರ ಮಾರ್ಚ್‌ನಲ್ಲಿ ಇದನ್ನು ಪ್ರಕಟಿಸಿ, ಹಾವಿಗೆ 'ಸನಾಜೆ ಇಂಡಿಕಸ್' ಎಂದು ಹೆಸರಿಟ್ಟರು. ಸಂಸ್ಕೃತ ಮೂಲದ ಆ ಹೆಸರಿನ ಅರ್ಥ ಪುರಾತನ ಬಾಯಿ.

ಹಾವಿನ ಉದ್ದ ಸುಮಾರು ಮೂರೂವರೆ ಮೀಟರ್. ಆದರೆ ಈಗಿನ ಹೆಬ್ಬಾವಿನ ಹಾಗೆ ದವಡೆ ಅಗಲಿಸಲು ಅದಕ್ಕೆ ಆಗುತ್ತಿರಲಿಲ್ಲ. ಟೈಟನೋಸಾರ್ ಮೊಟ್ಟೆ ಅದರ ಬಾಯಿಗೆ ಹಿಡಿಸುವಂಥದ್ದಲ್ಲ. ಮರಿಯಾದರೆ ಹಿಡಿಸುತ್ತದೆ. ಹಾಗಾಗಿ ಮರಿ ಹೊರಬರುವ ಹೊತ್ತಿಗೆ ಅದು ಗೂಡಿಗೇ ಬಂದು ಕೂರುತ್ತಿತ್ತು. ಅದೇ ಜಾಗದಲ್ಲಿ ಮೊಟ್ಟೆಗಳ ಜೊತೆ ಇನ್ನೂ ಹಾವಿನ ಮೂಳೆಗಳು ಸಿಕ್ಕಿರುವುದರಿಂದ, ಇದು ಒಂದು ದಿನದ ಆಕಸ್ಮಿಕವಲ್ಲ, ಹಾವಿನ ರೂಢಿ ಎಂದು ಅವರ ವಾದ. ಆ ದಿನ ಮಾತ್ರ ಹಾವಿಗೆ ಮರಿ ದಕ್ಕಲಿಲ್ಲ. ಎಲ್ಲಿಂದಲೋ ಕೊಚ್ಚಿ ಬಂದ ಮರಳು, ಕೆಸರು ಹಾವು, ಮರಿ, ಮೊಟ್ಟೆ ಮೂರನ್ನೂ ಒಟ್ಟಿಗೇ ಮುಚ್ಚಿತು. ಸುಮಾರು 6 ಕೋಟಿ 70 ಲಕ್ಷ ವರ್ಷಗಳ ಹಿಂದೆ.

ತಾಯಿ ಎಲ್ಲಿದ್ದಳು?

ಇಲ್ಲಿ ಯಾರಿಗಾದರೂ ಬರುವ ಪ್ರಶ್ನೆ ಇದು. ಟೈಟನೋಸಾರ್ ಎಂದರೆ ಚಿಕ್ಕ ಪ್ರಾಣಿಯಲ್ಲ. ಲಮೇಟಾದಲ್ಲೇ ಸಿಕ್ಕ ಐಸಿಸಾರಸ್ ಸುಮಾರು 18 ಮೀಟರ್ ಉದ್ದವಿತ್ತು ಎಂದು ಅಂದಾಜು. ಅಷ್ಟು ದೊಡ್ಡ ತಾಯಿ ಒಂದು ಕಾಲಿಟ್ಟಿದ್ದರೆ ಹಾವಿನ ಕತೆ ಮುಗಿಯುತ್ತಿತ್ತು.

ಉತ್ತರವನ್ನು ಗೂಡುಗಳೇ ಕೊಡುತ್ತವೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿದ ಅಧ್ಯಯನ 2023ರ ಜನವರಿಯಲ್ಲಿ ಬಂತು. ಗೂಡುಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿವೆ. ಅಷ್ಟು ದೊಡ್ಡ ಪ್ರಾಣಿ ನಡುವೆ ಓಡಾಡಿ ಕಾವಲು ಕಾಯಲು ಜಾಗವೇ ಇಲ್ಲ. ಓಡಾಡಿದರೆ ತನ್ನ ಮೊಟ್ಟೆಯನ್ನೇ ತುಳಿದಾಳು. ಮೊಸಳೆಯಂತೆ ತಗ್ಗು ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಬಿಡುತ್ತಿದ್ದವು ಎಂದು ತಜ್ಞರ ತೀರ್ಮಾನ. ಕಾವು ಕೊಡುವುದು ಬಿಸಿಲಿನ, ಮಣ್ಣಿನ ಕೆಲಸ. ಮೊಸಳೆಯಾದರೂ ಗೂಡಿನ ಹತ್ತಿರ ಸುಳಿದಾಡುತ್ತದೆ. ಇವು ಅದನ್ನೂ ಮಾಡಲಿಲ್ಲ.

ಇದನ್ನು ಕೇಳಿ ಅಯ್ಯೋ ಅನಿಸಬಹುದು. ಆದರೆ ಹೊನ್ನಾವರದ ಕಾಸರಕೋಡು ಕಡಲತೀರದಲ್ಲಿ ಕಡಲಾಮೆ ಮಾಡುವುದೂ ಇದನ್ನೇ. ರಾತ್ರಿ ಬಂದು ಮರಳಿನಲ್ಲಿ ಮೊಟ್ಟೆಯಿಟ್ಟು ಹೋದರೆ ಮತ್ತೆ ತಿರುಗಿ ನೋಡುವುದಿಲ್ಲ. ಮರಿಗಳು ನಾಯಿ, ಹದ್ದು, ಏಡಿ ತಪ್ಪಿಸಿಕೊಂಡು ನೀರು ಸೇರಬೇಕು. ಬಹಳ ಇಟ್ಟರೆ ಕೆಲವಾದರೂ ಉಳಿದಾವು ಎಂಬ ಲೆಕ್ಕ. ಟೈಟನೋಸಾರ್ ವಂಶ ಕೋಟ್ಯಂತರ ವರ್ಷ ನಡೆದದ್ದು ಇದೇ ಲೆಕ್ಕದ ಮೇಲೆ.

ತಿನ್ನಬೇಕು, ಬೆಳೆಯಬೇಕು

ಲಮೇಟಾದ ಮೊಟ್ಟೆಗಳು ಸುಮಾರು 15ರಿಂದ 18 ಸೆಂಟಿಮೀಟರ್ ಅಡ್ಡಳತೆಯವು. ಉಷ್ಟ್ರಪಕ್ಷಿಯ ಮೊಟ್ಟೆಗಿಂತ ತುಸು ದಪ್ಪ, ಅಷ್ಟೆ. ಅದರಿಂದ ಬಂದ ಮರಿ ಆನೆಗಿಂತ ದೊಡ್ಡದಾಗಬೇಕು. ಹೇಗೆ?

ಇದಕ್ಕೆ ಮಡಗಾಸ್ಕರಿನ ಒಂದು ಮರಿ ಸಹಾಯಕ್ಕೆ ಬಂತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದಿನವರೆಗೆ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ಹಾಗಾಗಿ ಅಲ್ಲಿಯ ಟೈಟನೋಸಾರ್‌ಗಳು ನಮ್ಮವಕ್ಕೆ ದೂರದ ದಾಯಾದಿಗಳು. ರಾಪಿಟೋಸಾರಸ್ ಎಂಬ ಜಾತಿಯ ಮರಿಯೊಂದರ ಮೂಳೆಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ಓದಿದ ವಿಜ್ಞಾನಿಗಳು 2016ರಲ್ಲಿ ಅದರ ಜಾತಕ ಬರೆದರು. ಹುಟ್ಟಿದಾಗ ತೂಕ ಸುಮಾರು 3.4 ಕಿಲೋ, ನಮ್ಮ ಆಸ್ಪತ್ರೆಗಳಲ್ಲಿ ಹುಟ್ಟುವ ಕೂಸಿನಷ್ಟು. ಸಾಯುವಾಗ ವಯಸ್ಸು ಒಂದೂವರೆಯಿಂದ ಎರಡೂವರೆ ತಿಂಗಳು, ತೂಕ ಆಗಲೇ 40 ಕಿಲೋ! ಸತ್ತದ್ದು ಬಹುಶಃ ಬರಗಾಲದಲ್ಲಿ, ಹಸಿವಿನಿಂದ.

ಇನ್ನೊಂದು ಸಂಗತಿಯೂ ಅಲ್ಲಿ ತಿಳಿಯಿತು. ಅದರ ಕೈಕಾಲುಗಳ ಅಳತೆ ದೊಡ್ಡವುಗಳ ಅಚ್ಚು. ನಾಯಿಮರಿಗೆ ಇರುವಂಥ ದಪ್ಪ ತಲೆ, ತೊಡರುಗಾಲು ಇದಕ್ಕಿಲ್ಲ. ಹುಟ್ಟಿದ ಕೂಡಲೇ ಎದ್ದು ನಡೆದು, ತಾನೇ ಸೊಪ್ಪು ಹುಡುಕಿಕೊಳ್ಳುವ ಮೈಕಟ್ಟು. ಹಾಲಿಲ್ಲ, ತುತ್ತಿಡುವವರಿಲ್ಲ. ಹಾವಿನ ಬಾಯಿಗೆ ಹಿಡಿಸದಷ್ಟು ಬೇಗ ದೊಡ್ಡದಾಗುವುದೊಂದೇ ಅದಕ್ಕಿದ್ದ ರಕ್ಷಣೆ. ಗಾತ್ರವೇ ಗುರಾಣಿ ಎನ್ನುತ್ತೇವಲ್ಲ, ಆ ಗುರಾಣಿಯನ್ನು ದಿನಕ್ಕಿಷ್ಟು ಎಂದು ತಿಂದೇ ಕಟ್ಟಿಕೊಳ್ಳಬೇಕಿತ್ತು.

ಏನು ತಿನ್ನುತ್ತಿದ್ದವು? ಮಹಾರಾಷ್ಟ್ರದ ಪಿಸ್‌ದುರಾ ಎಂಬ ಹಳ್ಳಿಯಲ್ಲಿ ಕಲ್ಲಾದ ಸಗಣಿ ಸಿಗುತ್ತದೆ, ಟೈಟನೋಸಾರ್‌ಗಳದ್ದು ಎಂದು ಭಾವಿಸಿರುವಂಥದ್ದು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ಅದರೊಳಗೆ ಹುಲ್ಲಿನ ಕುರುಹು ತೋರಿಸಿದರು. ಹುಲ್ಲಿನ ಎಲೆಗಳಲ್ಲಿ ಗಾಜಿನಂಥ ಸಿಲಿಕಾ ಕಣಗಳಿರುತ್ತವೆ. ಸುಗ್ಗಿಯಲ್ಲಿ ಕೈ ಕೊಯ್ದುಕೊಂಡವರಿಗೆ ಗೊತ್ತು. ಆ ಕಣಗಳು ಕೊಳೆಯುವುದಿಲ್ಲ. ಕನಿಷ್ಠ ಐದು ಬಗೆಯ ಹುಲ್ಲು ಅಲ್ಲಿತ್ತು. ಅದಕ್ಕೂ ಮೊದಲು ಡೈನೋಸಾರ್ ಕಾಲದಲ್ಲಿ ಹುಲ್ಲು ಇತ್ತೆಂಬುದಕ್ಕೆ ಗಟ್ಟಿ ಆಧಾರವೇ ಇರಲಿಲ್ಲ. 2011ರಲ್ಲಿ ಅದೇ ತಂಡ, ಆ ಹುಲ್ಲುಗಳಲ್ಲಿ ಭತ್ತದ ಬಳಗದವೂ ಇದ್ದವು ಎಂದಿತು. ತಾಳೆಯ ಜಾತಿ, ಸೂಚಿಪರ್ಣಿ ಮರಗಳ ಎಲೆ ಕೂಡ ಊಟದಲ್ಲಿತ್ತು. ಹಲ್ಲುಗಳು ಪೆನ್ಸಿಲ್ಲಿನಂತೆ ಸಣ್ಣ. ಸೊಪ್ಪು ತರಿದುಕೊಳ್ಳಲು ಸರಿ, ಅಗಿಯಲು ಬಾರದು. ನುಂಗುವುದು, ಹೊಟ್ಟೆಯಲ್ಲಿ ಹುದುಗಿಸಿ ಅರಗಿಸುವುದು.

ನಮ್ಮೂರಿನಲ್ಲಿ ಯಾಕಿಲ್ಲ?

ಈ ಕತೆ ಹೇಳಿದಾಗ ಊರಿನ ಗೆಳೆಯರು ಕೇಳುವುದು ಇದೇ. ದಕ್ಷಿಣ ಕರ್ನಾಟಕದ ಕಲ್ಲು ತೀರಾ ಹಳೆಯದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಗಟ್ಟಿಯಾದಾಗ ಭೂಮಿಯ ಮೇಲೆ ಪ್ರಾಣಿ ಎಂಬುದೇ ಇರಲಿಲ್ಲ. ಇನ್ನು ಉತ್ತರ ಕರ್ನಾಟಕದ ಕಪ್ಪು ಕಲ್ಲು, ಗೋಲಗುಮ್ಮಟ ಕಟ್ಟಿದ ಕಲ್ಲು, ಡೈನೋಸಾರ್‌ಗಳ ಕೊನೆಗಾಲಕ್ಕೆ ಉಕ್ಕಿದ ಲಾವಾ. ಲಮೇಟಾ ಪದರವನ್ನು ಮೇಲಿಂದ ಮುಚ್ಚಿದ್ದು ಅದೇ ಲಾವಾ ರಾಶಿ. ಗೂಡುಗಳು ಇಷ್ಟು ಕಾಲ ಅಳಿಯದೆ ಉಳಿಯಲು ಆ ಮುಚ್ಚಳವೂ ಒಂದು ಕಾರಣ. ವಿಜಯಪುರದ ಕಲ್ಲಿಗೂ ಬಾಲಾಸಿನೋರ್ ಮೊಟ್ಟೆಗೂ ಇಷ್ಟು ನಂಟಿದೆ.

ಉಳಿದದ್ದು, ಉಳಿಯಬೇಕಾದದ್ದು

ಬಿಳಿಗುಡ್ಡದ ಕಲ್ಲು ಸಿಮೆಂಟ್ ಗೂಡಿಗೆ ಹೋಗದೆ ಸಂಗ್ರಹಕ್ಕೆ ಹೋದದ್ದು ನಮ್ಮ ಅದೃಷ್ಟ. ಎಲ್ಲ ಕಲ್ಲುಗಳಿಗೂ ಆ ಅದೃಷ್ಟವಿರಲಿಲ್ಲ. ರೈಯೋಲಿಯಲ್ಲಿ ಬಹಳ ಕಾಲ ಬೇಲಿಯೇ ಇರಲಿಲ್ಲ. ಬಂದವರು ಕೈಗೆ ಸಿಕ್ಕಿದ್ದನ್ನು ಒಯ್ದರು. ಬಾಲಾಸಿನೋರ್ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಅವರು ಊರವರನ್ನು ಸೇರಿಸಿಕೊಂಡು ಕಾಯಲು ನಿಂತರು. ಹಳ್ಳಿಯ ಅಜ್ಜಿಯೊಬ್ಬರು ಡೈನೋಸಾರ್ ಮೊಟ್ಟೆಯಲ್ಲಿ ಮಸಾಲೆ ಅರೆಯುತ್ತಿದ್ದುದನ್ನು ಕಂಡ ಕತೆ ಅವರು ಹೇಳುವುದುಂಟು. ಅಜ್ಜಿಯನ್ನು ದೂರುವಂತಿಲ್ಲ, ಒಳ್ಳೆಯ ಗುಂಡುಕಲ್ಲು ಅದು. 2019ರ ಜೂನ್‌ನಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಇಂಥ ತಾಣಗಳನ್ನೂ ಪಳೆಯುಳಿಕೆಗಳನ್ನೂ ಕಾಯುವ ಕಾನೂನಿನ ಕರಡನ್ನು ಕೇಂದ್ರದ ಗಣಿ ಸಚಿವಾಲಯ ಪ್ರಕಟಿಸಿದ್ದು 2022ರ ಡಿಸೆಂಬರ್‌ನಲ್ಲಿ. ಮೊದಲ ಮೂಳೆ ಸಿಕ್ಕಿ ಆಗ 194 ವರ್ಷ ಆಗಿತ್ತು.

ಒಂದು ಮೊಟ್ಟೆಯನ್ನು ಯಾರೋ ಶೋಕೇಸಿಗೆ ಒಯ್ದರೆ ಉಳಿಯುವುದು ಗುಂಡಗಿನ ಒಂದು ಕಲ್ಲು ಮಾತ್ರ. ಅದರ ಪಕ್ಕ ಏನಿತ್ತು, ಎಷ್ಟು ದೂರದಲ್ಲಿತ್ತು, ಸುತ್ತಿಕೊಂಡದ್ದು ಯಾರು ಎಂಬುದೆಲ್ಲ ಹೋಯಿತು. ಮರಿಯ ಕತೆ ನಮಗೆ ತಿಳಿದದ್ದು ಮೂರೂ ಒಂದೇ ತುಂಡಿನಲ್ಲಿ ಉಳಿದದ್ದರಿಂದ.

ಮುಂಬೈ, ಪುಣೆ ಕಡೆಯ ಕನ್ನಡಿಗರು ಗುಜರಾತ್ ಪ್ರವಾಸಕ್ಕೆ ಹೊರಟರೆ ಪಟ್ಟಿಯಲ್ಲಿ ರೈಯೋಲಿಯನ್ನೂ ಸೇರಿಸಿ. ಸೂರತ್ತಿನಿಂದ ವಡೋದರಾ ದಾಟಿ ಹೋದರೆ ಸುಮಾರು 250 ಕಿಲೋಮೀಟರ್. ಬಿಸಿಲು ಜೋರು, ಚಳಿಗಾಲ ಒಳ್ಳೆಯದು. ಬಯಲಿನ ಬಂಡೆಯ ಮೇಲೆ ಗೈಡ್ ಸ್ವಲ್ಪ ನೀರು ಚೆಲ್ಲುತ್ತಾರೆ. ಒಣಗಿದಾಗ ಕಾಣದ ಮೂಳೆಯ ಗೆರೆ ಒದ್ದೆಯಾದ ಕೂಡಲೇ ಎದ್ದು ಕಾಣುತ್ತದೆ. ಮಕ್ಕಳಿಗೆ ರಾಜಾಸಾರಸ್ ತೋರಿಸಿ, ಬೇಡವೆಂದರೆ ಅವರು ಬಿಡುವುದೂ ಇಲ್ಲ. ಹಾಗೇ ಈ ಮರಿಯ ಕತೆಯನ್ನೂ ಹೇಳಿ. ಕಲ್ಲು ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ. ಬರುವಾಗ ದಾರಿಯಲ್ಲೇ ಸೂರತ್. ವರಾಛಾಕ್ಕೆ ಬಂದರೆ ಚಹಾ ನಮ್ಮ ಮನೆಯಲ್ಲಿ.