ಒಂದು ವಿಷಯಕ್ಕೆ ಒಂದು ಕಟ್ಟು

ಹಿಂದಿನ ಕಾಲದಲ್ಲಿ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಬಟ್ಟೆ ಹೋಗಿ ಕಾಗದ ಬಂದರೂ ಹೆಸರು ಉಳಿಯಿತು. ಇಂದಿಗೂ ಕಚೇರಿಯ ಫೈಲಿಗೆ ನಾವು ಕಡತವೆಂದೇ ಹೇಳುತ್ತೇವೆ. ಕಡತದ ಗುಣವೇನೆಂದರೆ, ಒಂದು ವಿಷಯಕ್ಕೆ ಸಂಬಂಧಿಸಿದ ಅರ್ಜಿ, ಉತ್ತರ, ರಸೀದಿ, ಟಿಪ್ಪಣಿ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿರುತ್ತವೆ.

ಈಗಿನ ಮೊಬೈಲು ಮತ್ತು ಕಂಪ್ಯೂಟರುಗಳಲ್ಲಿ ಈ ಗುಣ ತಾನಾಗಿ ಬರುವುದಿಲ್ಲ. ಅವು ವಸ್ತುವನ್ನು ವಿಷಯದಿಂದಲ್ಲ, ಜಾತಿಯಿಂದ ವಿಂಗಡಿಸುತ್ತವೆ. ಇಮೇಲ್ ಒಂದು ಕಡೆ, ಫೋಟೋ ಇನ್ನೊಂದು ಕಡೆ, ಇಳಿಸಿಕೊಂಡ ಪಿಡಿಎಫ್ ಮತ್ತೊಂದು ಕಡೆ, ಬರೆದುಕೊಂಡ ಟಿಪ್ಪಣಿ ಮಗದೊಂದು ಕಡೆ. ಎಲ್ಲವೂ ಇರುತ್ತವೆ; ಬೇಕಾದಾಗ ಯಾವುದೂ ಸಿಗುವುದಿಲ್ಲ.

ಗಡಿಯಲ್ಲಿರುವ ನಮಗೆ ಈ ತೊಡಕು ಇನ್ನೂ ಹೆಚ್ಚು. ರಾಯದುರ್ಗವು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆಗೆ ಬಂದಿತು. ಮಡಕಶಿರಾ 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದ್ದರಿಂದ ಒಂದೇ ಮನೆಯ ಪತ್ರಗಳಲ್ಲಿ ಅಜ್ಜನ ಕಾಲಕ್ಕೊಂದು ಜಿಲ್ಲೆ, ಮೊಮ್ಮಗಳ ಕಾಲಕ್ಕೊಂದು ಜಿಲ್ಲೆ. ಜಾತಿ, ಆದಾಯದ ಪತ್ರಗಳು ತೆಲುಗಿನಲ್ಲಿ, ಶಾಲೆಯ ಪಾಠ ಕನ್ನಡದಲ್ಲಿ, ಕಾಲೇಜಿನ ಇಮೇಲ್ ಇಂಗ್ಲಿಷಿನಲ್ಲಿ. ಗಡಿನಾಡ ಕನ್ನಡಿಗರೆಂದು ಕರ್ನಾಟಕದಲ್ಲಿ ಪ್ರವೇಶ ಕೋರುವ ವಿದ್ಯಾರ್ಥಿಗೆ ಇವೆಲ್ಲ ಒಮ್ಮೆಗೇ ಬೇಕಾಗುತ್ತವೆ, ಅದೂ ಕೊನೆಯ ದಿನಾಂಕದೊಳಗೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ವಿಷಯಕ್ಕೆ ಒಂದು ಹೆಸರಿಡಬೇಕು: ‘ಕಾಲೇಜು ಪ್ರವೇಶ’, ‘ವಿದ್ಯಾರ್ಥಿವೇತನ’, ‘ಹೊಲದ ಪತ್ರ’. ಅದೇ ಹೆಸರಿನ ಫೋಲ್ಡರನ್ನು ಮಾಡಿ, ಅದೇ ಹೆಸರನ್ನು ಇಮೇಲಿಗೂ ಟಿಪ್ಪಣಿಗೂ ಕೊಡಬೇಕು. ಒಂದು ಕಡೆ ‘ರಾಯದುರ್ಗ’, ಇನ್ನೊಂದು ಕಡೆ ‘ರಾಯದುರ್ಗಂ’ ಎಂದು ಬರೆದರೆ ಹುಡುಕುವಾಗ ಒಂದು ಕೈಗೆ ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಮುಖ್ಯವಾದ ಇಮೇಲನ್ನು ಪಿಡಿಎಫ್ ಮಾಡಿ ಆ ಫೋಲ್ಡರಿನಲ್ಲೇ ಇರಿಸುವುದು ಒಳ್ಳೆಯದು; ಆಗ ಇಂಟರ್‌ನೆಟ್ ಇಲ್ಲದ ದಿನವೂ ಅದು ದೊರೆಯುತ್ತದೆ.

ಫೈಲಿನ ಹೆಸರಿನಲ್ಲಿ ವರ್ಷವನ್ನು ಮೊದಲು ಬರೆಯಿರಿ: ‘2025-06-12 ವ್ಯಾಸಂಗ ಪತ್ರ’. ಹೆಸರಿನ ಅನುಕ್ರಮದಲ್ಲಿ ಜೋಡಿಸಿದಾಗ ಅವು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ 2025ರ ಜೂನ್ 12ರ ಪತ್ರದ ಪಕ್ಕದಲ್ಲಿ 2023ರ ಜನವರಿ 12ರದು ಬಂದು ಕೂರುತ್ತದೆ.

ಒಂದೇ ಪತ್ರ ಎರಡು ವಿಷಯಗಳಿಗೆ ಬೇಕಾದರೆ? ಇದು ಹಳೆಯ ಪ್ರಶ್ನೆ. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರಂಥವರು ಜೀವಮಾನವೆಲ್ಲ ಚಿಂತಿಸಿದ ಪ್ರಶ್ನೆ. ಪುಸ್ತಕ ಒಂದೇ ಕಪಾಟಿನಲ್ಲಿ ನಿಲ್ಲಬಲ್ಲದು. ಆದರೆ ಅದರ ಸೂಚಿಯನ್ನು ನಾಲ್ಕು ಕಡೆ ಇರಿಸಬಹುದು. 2004ರಲ್ಲಿ ಆರಂಭವಾದ ಜಿಮೇಲ್, ಫೋಲ್ಡರಿನ ಬದಲು ಲೇಬಲ್ ಎಂಬ ಚೀಟಿಯನ್ನು ತಂದುದರ ಲಾಭವೂ ಇದೇ: ಒಂದು ಪತ್ರಕ್ಕೆ ಎರಡು ಚೀಟಿ ಅಂಟಿಸಬಹುದು. ಫೈಲುಗಳ ವಿಷಯದಲ್ಲಿ, ಮೂಲವನ್ನು ಒಂದೇ ಕಡೆ ಇರಿಸಿ, ಪ್ರತಿ ಫೋಲ್ಡರಿನಲ್ಲಿಯೂ ಒಂದು ಟಿಪ್ಪಣಿ ಇಡುವುದು ಸುಲಭ. ಯಾವ ಪತ್ರ ಎಲ್ಲಿದೆ, ಯಾವ ಅರ್ಜಿ ಎಂದು ಕಳಿಸಿದ್ದು, ಏನು ಬಾಕಿ ಎಂಬುದನ್ನು ಅದರಲ್ಲಿ ನಾಲ್ಕು ಸಾಲು ಬರೆದರೆ ಸಾಕು. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಅತ್ಯಂತ ಉಪಯುಕ್ತವಾದುದು ಈ ನಾಲ್ಕು ಸಾಲೇ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕನ್ನಡವಲ್ಲ. ಅದರೊಳಗಿನ ಪದವನ್ನು ಹುಡುಕಿದರೆ ಸಿಗದು. ಅಂಥವನ್ನು ಪರಿವರ್ತಿಸಿ ಯೂನಿಕೋಡಿಗೆ ತರಬೇಕು.

ಮೊಬೈಲು ಕಳೆದರೆ ಕಟ್ಟೂ ಹೋದೀತೆಂದು ಪೋಷಕರು ಕೇಳುವುದುಂಟು. ಆದ್ದರಿಂದ ಇನ್ನೊಂದು ಪ್ರತಿಯನ್ನು ಬೇರೆ ಕಡೆ, ಪೆನ್‌ಡ್ರೈವಿನಲ್ಲಾದರೂ ಇಟ್ಟಿರಬೇಕು. ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರಿನಲ್ಲಿಯೂ ಹಲವು ಪ್ರಮಾಣಪತ್ರಗಳು ದೊರೆಯುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿಸಿದ ದಿನ, ಅಲ್ಲಿ ಇಳಿಸಿದ ಆಧಾರ್ ಪ್ರತಿಯನ್ನು ಅಳಿಸಿ, ಇಮೇಲಿನಿಂದ ಹೊರಬಂದು, ಆಮೇಲೆ ಬಸ್ಸು ಹಿಡಿಯಿರಿ.