ಮಾವಿನ ಮರ ಒಣಗ್ತಿದೆಯಾ? ಮೊದಲು ಇಷ್ಟು ನೋಡಿ

ಹಿತ್ತಲಿನ ಹಳೇ ಮಾವಿನ ಮರದಲ್ಲಿ ಕೊಂಬೆ ಒಣಗ್ತಿದೆಯಾ? ಔಷಧಿ ಅಂಗಡಿಗೆ ಓಡೋ ಮೊದಲು ಮರಕ್ಕೆ ಒಂದು ಸುತ್ತು ಬನ್ನಿ.

ಒಣಗಿದ ರೆಂಬೆಯ ತೊಗಟೆಯನ್ನ ಉಗುರಲ್ಲಿ ಕೆರೆಯಿರಿ. ಒಳಗೆ ಹಸಿರಿದ್ದರೆ ಇನ್ನೂ ಜೀವ ಇದೆ.

ಈಗ ಕಾಂಡ. ತೊಗಟೆಯಲ್ಲಿ ತೂತು, ಅದರಿಂದ ಇಳಿಯೋ ಅಂಟು, ಬುಡದಲ್ಲಿ ಮರದ ಹೊಟ್ಟು ಕಂಡರೆ ಒಳಗೆ ಕಾಂಡಕೊರಕ ಹುಳು ಕೂತಿದೆ ಅಂತಲೇ ಲೆಕ್ಕ. ತಂತಿ ತೂರಿಸಿ ಹುಳು ಎಳೆದು ಹಾಕಿ, ತೂತನ್ನ ಜೇಡಿಮಣ್ಣಿಂದ ಮುಚ್ಚಿ. ಅಂಟು ಮಾತ್ರ ಇದೆ, ತೂತೂ ಇಲ್ಲ, ಹೊಟ್ಟೂ ಇಲ್ಲ ಅಂದ್ರೆ ಶಿಲೀಂಧ್ರ ರೋಗ ಇರಬಹುದು.

ತಲೆ ಎತ್ತಿ ನೋಡಿ. ಮಾವಿನ ಎಲೆಗಳ ಮಧ್ಯೆ ಬೇರೆ ಥರದ ದಪ್ಪ ಎಲೆ, ಕೊಂಬೆಗೊಂದು ಗಂಟು? ಅದು ಬಂದಳಿಕೆ, ಮರದ ನೀರನ್ನೇ ಹೀರುತ್ತೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತೆ. ಗಂಟಿನ ಕೆಳಗೆ ಕೊಂಬೆಯನ್ನೇ ಕತ್ತರಿಸಿ.

ಇಡೀ ಮರವೇ ಸೊರಗಿದ್ರೆ? ಬುಡದ ತನಕ ಕಾಂಕ್ರೀಟ್ ಹಾಕಿಸಿದ್ದು ಯಾವಾಗ, ನೆನಪು ಮಾಡಿಕೊಳ್ಳಿ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ನನ್ನ ಕೇಳಿದ್ರೆ, ಪೇಟೆ ಮನೆಗಳಲ್ಲಿ ಹುಳಕ್ಕಿಂತ ದೊಡ್ಡ ಶತ್ರು ಇದೇ.

ಬುಡದಲ್ಲಿ ಅಣಬೆ ಎದ್ದು, ಮರ ಮನೆ ಕಡೆ ವಾಲ್ತಿದ್ರೆ ಮಾತ್ರ ಕಾಯಬೇಡಿ. ಬೇರು ಕೊಳೆತಿರಬಹುದು, ಇವತ್ತೇ ತಿಳಿದವರನ್ನ ಕರೆಸಿ ತೋರಿಸಿ.