ಗರ್ಭ ಪರೀಕ್ಷೆ: ಯಾವಾಗ, ಹೇಗೆ?

ಮುಟ್ಟು ತಡವಾದಾಗ ನಿರೀಕ್ಷೆಯೋ ಆತಂಕವೋ ಮೂಡುವುದು ಸಹಜ. ಆದರೆ ಅವಸರದಲ್ಲಿ ಪರೀಕ್ಷಿಸಿದರೆ ಫಲಿತಾಂಶ ತಪ್ಪಾಗಬಹುದು. ಬಹಳ ತಡಮಾಡಿದರೆ ಅಮೂಲ್ಯವಾದ ಮೊದಲ ವಾರಗಳು ಆರೈಕೆಯಿಲ್ಲದೆ ಕಳೆದುಹೋಗುತ್ತವೆ.

ಕಾಯುವುದೇಕೆ?

ಅಂಡಾಣು ಮತ್ತು ವೀರ್ಯಾಣುಗಳ ಸಂಯೋಗವು ಗರ್ಭನಾಳದಲ್ಲಿ ಆಗುತ್ತದೆ. ಫಲಿತವಾದ ಅಂಡಾಣುವು ಸಾಮಾನ್ಯವಾಗಿ 6ರಿಂದ 10 ದಿನಗಳ ನಂತರ ಗರ್ಭಕೋಶದ ಒಳಪದರದಲ್ಲಿ ನೆಲೆಗೊಳ್ಳುತ್ತದೆ. ಆ ಬಳಿಕವೇ ಎಚ್‌ಸಿಜಿ ಎಂಬ ಹಾರ್ಮೋನು ಮೊದಲು ರಕ್ತದಲ್ಲಿ, ಅನಂತರ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಇದರ ಪ್ರಮಾಣವು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಆದುದರಿಂದ ಇಂದು ಪತ್ತೆಯಾಗದ ಗರ್ಭವು ಕೆಲವೇ ದಿನಗಳಲ್ಲಿ ಪತ್ತೆಯಾಗಬಹುದು.

ಮುಟ್ಟಿನ ನಿರೀಕ್ಷಿತ ದಿನ ಕಳೆದ ಮೇಲೆ ಪರೀಕ್ಷಿಸುವುದು ಸೂಕ್ತ. ಒಂದು ವಾರ ಕಳೆದರೆ ಫಲಿತಾಂಶವು ಇನ್ನಷ್ಟು ನಂಬಲರ್ಹ. ಮುಟ್ಟು ಕ್ರಮವಾಗಿಲ್ಲದವರು ಕೊನೆಯ ಸಮಾಗಮದಿಂದ 21 ದಿನಗಳ ನಂತರ ಪರೀಕ್ಷಿಸಬೇಕು.

ಪರೀಕ್ಷೆಯ ವಿಧಾನ

ಪರೀಕ್ಷಾ ಕಿಟ್ ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ಸರ್ಕಾರದ 'ನಿಶ್ಚಯ್' ಕಿಟ್ಟನ್ನು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ನೀಡಲಾಗುತ್ತದೆ. ಬಳಸುವ ಮುನ್ನ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬೆಳಗಿನ ಮೊದಲ ಮೂತ್ರವನ್ನು ಸ್ವಚ್ಛವಾದ, ಒಣ ಪಾತ್ರೆಯಲ್ಲಿ ಸಂಗ್ರಹಿಸಿ, ಸೂಚಿಸಿರುವಷ್ಟು ಹನಿಗಳನ್ನು ಹಾಕಿ, ಸೂಚಿತ ಸಮಯದೊಳಗೆ ಫಲಿತಾಂಶ ನೋಡಿ. ಸಾಮಾನ್ಯವಾಗಿ ಎರಡು ಗೆರೆಗಳು ಮೂಡಿದರೆ ಗರ್ಭ ನಿಂತಿದೆಯೆಂದೂ, 'ಸಿ' ಅಕ್ಷರದ ಬಳಿ ಒಂದೇ ಗೆರೆ ಮೂಡಿದರೆ ಇಲ್ಲವೆಂದೂ ಅರ್ಥ. ಎರಡನೆಯ ಗೆರೆ ಮಸುಕಾಗಿದ್ದರೂ ಅದನ್ನು ಅಲಕ್ಷಿಸಬಾರದು. 'ಸಿ' ಬಳಿ ಗೆರೆಯೇ ಮೂಡದಿದ್ದರೆ ಬೇರೆ ಕಿಟ್ ಬಳಸಬೇಕು.

ಗರ್ಭವಿಲ್ಲವೆಂದು ಕಂಡುಬಂದರೂ ಮುಟ್ಟಾಗದಿದ್ದಲ್ಲಿ ಒಂದು ವಾರದ ನಂತರ ಪುನಃ ಪರೀಕ್ಷಿಸಿ. ಆಗಲೂ ಸಂದೇಹ ಉಳಿದರೆ ವೈದ್ಯರನ್ನು ಕಾಣಿ.

ಎಚ್ಚರಿಕೆ

ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ರಕ್ತಸ್ರಾವ ಅಥವಾ ತಲೆಸುತ್ತಿ ಬೀಳುವಂತಾಗುವುದು ಕಂಡುಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಹೊರಗೆ ನಿಂತ ಗರ್ಭವು ಪ್ರಾಣಾಪಾಯ ತರಬಲ್ಲದು. ಗೆರೆಗಳಿಂದ ಅದು ತಿಳಿಯುವುದಿಲ್ಲ.

ಮುಂದಿನ ಹೆಜ್ಜೆ

ಗರ್ಭ ಖಚಿತವಾದೊಡನೆ, 12 ವಾರಗಳೊಳಗಾಗಿ, ಸಮೀಪದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಮೊದಲ ಮೂರು ತಿಂಗಳು ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ ಸೇವಿಸಿ. ಅವರನ್ನು ಕೇಳದೆ ಬೇರಾವ ಔಷಧಿಯನ್ನೂ ತೆಗೆದುಕೊಳ್ಳಬೇಡಿ. ಹೆರಿಗೆಗಾಗಿ ಮುಂಬಯಿ, ದೆಹಲಿಯಂತಹ ಊರುಗಳಿಂದ ತವರಿಗೆ ತೆರಳುವವರು ತಾಯಿ-ಮಗುವಿನ ರಕ್ಷಣಾ ಕಾರ್ಡನ್ನು ಜೊತೆಗೊಯ್ಯಬೇಕು.

ಗರ್ಭ ಬೇಡವೆನಿಸಿದಲ್ಲಿ ತಾವಾಗಿಯೇ ಮಾತ್ರೆ ನುಂಗುವುದು ಅಪಾಯಕರ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯಿದೆಯ ಷರತ್ತುಗಳಿಗೊಳಪಟ್ಟು 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ ಸುರಕ್ಷಿತ ಗರ್ಭಪಾತಕ್ಕೆ ಅವಕಾಶವಿದೆ. ಮಹಿಳೆಯ ಗುರುತನ್ನು ಗೋಪ್ಯವಾಗಿಡಲಾಗುತ್ತದೆ. ನಿರ್ಧಾರ ಯಾವುದೇ ಇರಲಿ, ಸಕಾಲದಲ್ಲಿ ಮಾಡಿದ ಪರೀಕ್ಷೆಯು ಅದಕ್ಕೆ ಬೇಕಾದ ಸಮಯವನ್ನು ಒದಗಿಸುತ್ತದೆ.